ಕ್ಯಾಸೆಟ್ಟಿನೊಳಗಿನ ಹರಿಗೋಲನ್ನು ದಡ ಸೇರಿಸಿದ ಮಂಗಳಕ್ಕ

ಬೆಳಗಿನ ಜಾವ ಐದೂ ಹತ್ತು. ನಂಜನಗೂಡಿನ ರೈಲ್ವೆ ಸ್ಟೇಷನ್ ರಸ್ತೆಯ ಟೀ ಅಂಗಡಿಯವನೂ ಇನ್ನೂ ಸ್ಟವ್ ಹಚ್ಚಿಲ್ಲ. ಅರ್ಧ ಎತ್ತಿದ ಒಂದೇ ಒಂದು ಶಟರಿನ ಕೆಳಗಿಂದ ಬೆಳಕು ಬೀದಿಗೆ ಚೆಲ್ಲುತ್ತಿದೆ. ಜೊತೆಗೆ ಒಂದು ವಿಚಿತ್ರ ಸದ್ದು. ಮೊದಲು ಉದ್ದಕ್ಕೆ 'ಕೀಂ' ಅನ್ನುತ್ತದೆ, ಆಮೇಲೆ ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ 'ಚರ್ರ್' ಅನ್ನುತ್ತದೆ. ಒಳಗೆ ಮರದ ಸ್ಟೂಲಿನ ಮೇಲೆ ಕುಳಿತ ಐವತ್ನಾಲ್ಕು ವರ್ಷದ ಸರ್ವಮಂಗಳಾ ಉಸಿರು ಬಿಗಿಹಿಡಿದು ಹಳೆಯ ಟಿವಿಯ ಪರದೆಯನ್ನೇ ನೋಡುತ್ತಿದ್ದಾರೆ. ಪರದೆಯ ಮೂಲೆಯಲ್ಲಿ ಅಂಕಿ ಏರುತ್ತಿದೆ. ಎಂಟು, ಒಂಬತ್ತು, ಹತ್ತು. ಹನ್ನೊಂದು ಬಂದದ್ದೇ ತಡ, ನಿಂತುಬಿಡುತ್ತದೆ.

"ಮತ್ತೆ ಅನ್ನೊಂದಕ್ಕೇ ನಿಂತ್ಕೊತು!" ಎಂದು ಅವರು ಹಣೆ ಚಚ್ಚಿಕೊಳ್ಳುತ್ತಾರೆ. ಬೇಸರಕ್ಕಿಂತ ಹಟವೇ ಹೆಚ್ಚು ಕೇಳಿಸುವ ದನಿ ಅದು.

ಅವರ ಮುಂದಿರುವುದು ಕೀಬೋರ್ಡಿನೊಳಗೇ ಇಡೀ ಯಂತ್ರ ಅಡಗಿರುವ ಹಳೆಯ ಕಾಲದ ಕಂಪ್ಯೂಟರ್. ಇದಕ್ಕೆ ಟಿವಿಯೇ ಪರದೆ. ಬರೆದದ್ದನ್ನು ಉಳಿಸಿಕೊಳ್ಳಲು ಹಾಡು ಕೇಳುವ ಟೇಪ್ ರೆಕಾರ್ಡರ್. ಕ್ಯಾಸೆಟ್ಟಿನ ಸದ್ದನ್ನು ಕಂಪ್ಯೂಟರ್ ತುಂಡು ತುಂಡಾಗಿ ಕೇಳಿಸಿಕೊಂಡು ಆಟವಾಗಿ ಕಟ್ಟಿಕೊಳ್ಳಬೇಕು. ನಡುವೆ ಒಂದು ತುಂಡು ತಪ್ಪಿದರೂ ಆಟವಿಲ್ಲ. ಈ ಕೆಲಸಕ್ಕೆ ಕೋಳಿ ಕೂಗುವ ಹೊತ್ತೇ ಏಕೆ ಎಂದು ವರದಿಗೆ ಬಂದ ನಾನು ಕೇಳಿದರೆ ಅವರ ಬಳಿ ಉತ್ತರ ಸಿದ್ಧವಿದೆ. "ಆರು ಗಂಟೆ ಆಯ್ತು ಅಂದ್ರೆ ಮಿಲ್ಲು, ಮೋಟ್ರು ಎಲ್ಲಾ ಶುರು ಆಯ್ತವೆ ಸಾ. ಕರೆಂಟು ಏರೋದು, ಇಳಿಯೋದು. ಇವಕ್ಕೆ ಒಂದೇ ಸಮ ಇರ್ಬೇಕು. ಇಲ್ದಿದ್ರೆ ಮುನಿಸ್ಕೋತವೆ."

ಊರಿಗೆಲ್ಲ ಮಂಗಳಕ್ಕ ಆಗಿರುವ ಇವರು ಬದನವಾಳಿನವರು. ತಾಯಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ, ಹತ್ತೊಂಬತ್ತನೇ ವಯಸ್ಸಿಗೆ ಮಂಗಳಕ್ಕ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ಸೇರಿದರು. ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ, ದಿನಕ್ಕೆ ಸಾವಿರದ ನಾನೂರು ಚುಕ್ಕೆ. "ಈ ಬೋರ್ಡು ಯಾತಕ್ಕೆ ಅಂತ ಕೇಳುದ್ರೆ ಸೂಪರ್‌ವೈಸರು ಬಯ್ಯೋರು. ನಿಂಗ್ಯಾಕಮ್ಮ ಅದು, ಬೆಸುಗೆ ಆಕು ಸಾಕು ಅನ್ನೋರು. ಅದಕ್ಕೇ ಮನೇಲಿ ಕೆಟ್ಟೋಗಿದ್ದ ರೇಡಿಯೋ ಬಿಚ್ಚಿ ನಾನೇ ತಿಳ್ಕೊಂಡೆ."

ಹದಿನಾಲ್ಕು ವರ್ಷವಾದ ಮೇಲೆ ಕಾರ್ಖಾನೆ ಬಾಗಿಲು ಹಾಕಿತು. ಪತಿ ಬಸವಣ್ಣ ಲಗೇಜ್ ಆಟೊ ಓಡಿಸುತ್ತಾರೆ. ಒಬ್ಬರ ದುಡಿಮೆ ಸಾಲದೆಂದು ಮಂಗಳಕ್ಕ ಈ ಮಳಿಗೆ ಹಿಡಿದರು. ಬಂದವರೆಲ್ಲ ಒಳಗೆ ಇಣುಕಿ "ಯಜಮಾನ್ರು ಇಲ್ವಾ?" ಅನ್ನುತ್ತಿದ್ದರಂತೆ. "ಅವ್ರು ಆಟೊ ಓಡುಸ್ತಾರೆ, ರಿಪೇರಿ ನಾನೇ ಮಾಡೋದು ಅಂದ್ರೆ ಮಿಕ್ಸಿ ಎದೆಗವಚ್ಕೊಂಡು ವಾಪಸ್ ಓಗ್ಬುಡೋರು! ನಾನೇನೋ ಮಗು ಕಿತ್ಕೊಂಡಂಗೆ" ಎಂದು ಈಗ ನಗುತ್ತಾರೆ. ಆಗ ನಗು ಬರುತ್ತಿರಲಿಲ್ಲ. ಮೊದಲ ಆರು ತಿಂಗಳು ಅಂಗಡಿ ನಡೆದದ್ದು ಟಿವಿ ರಿಮೋಟುಗಳಿಂದ ಮತ್ತು ಮಕ್ಕಳು ತರುತ್ತಿದ್ದ ವಿಡಿಯೊ ಗೇಮುಗಳಿಂದ. ಮಕ್ಕಳು ಯಜಮಾನರನ್ನು ಕೇಳುತ್ತಿರಲಿಲ್ಲ.

ಆ ಮಕ್ಕಳೇ ಈಗ ಮೀಸೆ ಹೊತ್ತು ಮತ್ತೆ ಬರುತ್ತಿದ್ದಾರೆ. ಅಟ್ಟದ ಮೇಲೆ ಸಿಕ್ಕಿದ ಗೇಮಿನ ಪೆಟ್ಟಿಗೆಯನ್ನು ಧೂಳಿನ ಸಮೇತ ತಂದು ಮೇಜಿನ ಮೇಲಿಟ್ಟು "ಅಕ್ಕಾ, ಹೆಂಗಾದ್ರೂ ಮಾಡಿ" ಅನ್ನುತ್ತಾರೆ. ದಿನಕ್ಕೆ ಮೂರು ಮಿಕ್ಸಿ, ಏಳೆಂಟು ರಿಮೋಟು, ಒಂದೋ ಎರಡೋ ಇಸ್ತ್ರಿಪೆಟ್ಟಿಗೆ. ಅವುಗಳ ನಡುವೆ ವಾರಕ್ಕೆ ನಾಲ್ಕಾದರೂ ಆಟದ ಪೆಟ್ಟಿಗೆಗಳು. ಕಪಿಲೆ ಉಕ್ಕಿ ಅಂಗಡಿಯೊಳಗೆ ಮೊಣಕಾಲುದ್ದ ನೀರು ನಿಂತ ವರ್ಷ, ಮಂಗಳಕ್ಕ ಮಿಕ್ಸಿಗಳನ್ನು ಬಿಟ್ಟು ಮೊದಲು ಇವನ್ನೇ ತಲೆಯ ಮೇಲೆ ಹೊತ್ತು ಸಾಗಿಸಿದರು. "ಮಿಕ್ಸಿ ಅಂಗ್ಡೀಲಿ ಸಿಕ್ತದೆ. ಇವು ಎಲ್ಲಿ ಸಿಕ್ಕಾವು?" ಎಲ್ಲರಿಗೂ ಅವರದು ಒಂದೇ ಬೈಗುಳ: ಗೇಮಿನ ಪೆಟ್ಟಿಗೆಗೆ ಸಿಕ್ಕಿಸುವ ಕ್ಯಾಸೆಟ್ಟು ಓಡದಿದ್ದರೆ ಬಾಯಿಂದ ಊದಬೇಡಿ. ನಾವೆಲ್ಲ ಊದಿದವರೇ. ಊದಿ ಹಾಕಿದರೆ ಓಡಿಯೇ ಓಡುತ್ತದೆಂದು ನಂಬಿದವರೇ. "ಬಾಯಿ ತ್ಯಾವಕ್ಕೆ ಒಳಗಿನ ತಗಡು ತುಕ್ಕು ಇಡೀತದೆ ಕಣ್ರೀ. ಊದಿ ಊದೀ ಊರಿನ ಅರ್ಧ ಗೇಮು ನೀವೇ ಕೊಂದಿರೋದು!"

ಆದರೆ ಕಳೆದ ತಿಂಗಳು ಬಂದದ್ದು ಅಂಥ ಪೆಟ್ಟಿಗೆಯಲ್ಲ. ಟಿ. ನರಸೀಪುರದಲ್ಲಿ ನರ್ಸ್ ಆಗಿರುವ ಶಾಲಿನಿ ಕರವಸ್ತ್ರದಲ್ಲಿ ಸುತ್ತಿ ಒಂದು ಕ್ಯಾಸೆಟ್ ತಂದರು. ಅವರು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅಂದರೆ ತೊಂಬತ್ತೊಂದರಲ್ಲಿ, ಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತು. ಅದರ ಬೀಗದ ಕೈ ಇದ್ದದ್ದು ವಿಜ್ಞಾನದ ಮೇಷ್ಟ್ರು ಮಹಾದೇವಸ್ವಾಮಿಯವರ ಬಳಿ. ಅವರು ಒಂಬತ್ತು ಮಕ್ಕಳನ್ನು ಕೂರಿಸಿಕೊಂಡು, ವರ್ಷವಿಡೀ ಶನಿವಾರ ಮಧ್ಯಾಹ್ನಗಳಲ್ಲಿ ಒಂದು ಆಟ ಬರೆಸಿದರು. ಸುಳಿಗಳನ್ನು ತಪ್ಪಿಸಿಕೊಂಡು ಹರಿಗೋಲನ್ನು ಕಪಿಲೆಯಿಂದ ಕಾವೇರಿ ಸಂಗಮಕ್ಕೆ ಮುಟ್ಟಿಸುವ ಆಟ. ಹೆಸರು 'ಹರಿಗೋಲು', ಅದೂ ಕನ್ನಡದಲ್ಲಿ! ಆ ಯಂತ್ರಕ್ಕೆ ಕನ್ನಡವೇ ಬಾರದು. ಮಕ್ಕಳು ಗ್ರಾಫ್ ಪುಸ್ತಕದಲ್ಲಿ ಒಂದೊಂದೇ ಚೌಕ ತುಂಬಿ ಅಕ್ಷರ ಬರೆದರು. ಆ ನಾಲ್ಕು ಅಕ್ಷರಕ್ಕೆ ಎರಡು ವಾರ ಹಿಡಿಯಿತು. 'ಗೋ' ಒಂದಕ್ಕೇ ನಾಲ್ಕು ದಿನ.

"ಯಾರಿಗೆ ಹೇಳಿದ್ರೂ ನಗ್ತಾರೆ" ಅನ್ನುತ್ತಾರೆ ಶಾಲಿನಿ. "ಆ ಕಾಲ್ದಲ್ಲಿ, ನರಸೀಪುರದಲ್ಲಿ, ಕಂಪ್ಯೂಟರ್ ಗೇಮ್ ಬರೆದ್ರಾ ಅಂತ. ನನ್ನ ಮಗಳೇ ನಂಬಲ್ಲ. ಆಮೇಲಾಮೇಲೆ ನನಗೇ ಅನುಮಾನ ಬರೋಕೆ ಶುರುವಾಯ್ತು, ಕನಸೇನೋ ಅಂತ."

ಇದ್ದದ್ದು ಇದೊಂದೇ ಪ್ರತಿ. ಮೇಷ್ಟ್ರ ಮನೆಯ ಟ್ರಂಕಿನಲ್ಲಿ ಮೂವತ್ನಾಲ್ಕು ವರ್ಷ ಮಲಗಿ ಬೂಷ್ಟು ಹಿಡಿದ ಟೇಪು. ಮಂಗಳಕ್ಕ ಅದನ್ನು ಅಂಗುಲ ಅಂಗುಲವಾಗಿ ಹತ್ತಿಯಲ್ಲಿ ಒರೆಸಿದರು. ಅದೇ ಮಾದರಿಯ ಕಂಪ್ಯೂಟರನ್ನು ಮೈಸೂರಿನ ಗುಜರಿಯಲ್ಲಿ ಹುಡುಕಿ ತಂದರು. ಅದರಲ್ಲಿ ಏಳು ಕೀಲಿ ಇರಲಿಲ್ಲ, ಬೇರೆಯದರಿಂದ ಕಿತ್ತು ಕೂರಿಸಿದರು. ಆದರೂ ಹನ್ನೊಂದನೇ ತುಂಡಿಗೆ ನಿಲ್ಲುತ್ತದೆ. ಪ್ರತಿ ಸಲ ಓಡಿಸಿದಾಗಲೂ ಟೇಪಿನಿಂದ ಕಂದು ಪುಡಿ ಉದುರುತ್ತದೆ. "ಇನ್ನು ಮೂರು ಸಲ ತಡೀಬೌದು. ನಾಕು ಅನ್ನೋಕೆ ಧೈರ್ಯ ಇಲ್ಲ" ಅನ್ನುತ್ತಾರೆ.

ಅದಕ್ಕೇ, ಅವತ್ತು ರೆಕಾರ್ಡ್ ಮಾಡಿದ್ದು ಹೇಗೆಂದು ಕೇಳಲು ಇವತ್ತು ಮೇಷ್ಟ್ರನ್ನೂ ಕರೆಸಿದ್ದಾರೆ. ಐದೂ ಮುಕ್ಕಾಲಿಗೆ ಬಸವಣ್ಣನ ಆಟೊ ಬಂದು ನಿಲ್ಲುತ್ತದೆ. ಎಪ್ಪತ್ತೆಂಟರ ಮಹಾದೇವಸ್ವಾಮಿ ಶಾಲಿನಿಯ ಕೈ ಹಿಡಿದು ಇಳಿಯುತ್ತಾರೆ. ಮಂಗಳಕ್ಕ ಕುರ್ಚಿ ಒರೆಸಿ ಕೂರಿಸಿ, ಟೇಪಿನ ಎರಡು ತುದಿಗಳನ್ನಷ್ಟೇ ಕೇಳಿಸುತ್ತಾರೆ. ಶುರುವಿನಲ್ಲಿ ಗಂಡಸಿನ ಗಟ್ಟಿ ದನಿಯೊಂದು "ಹರಿಗೋಲು, ಶುರು" ಅನ್ನುತ್ತದೆ. ಕೊನೆಯಲ್ಲಿ ಕೀರಲು ದನಿಯೊಂದು "ಹರಿಗೋಲು, ಮುಗೀತು" ಅನ್ನುತ್ತದೆ.

"ಮೊದಲನೇದು ನಾನು. ಎರಡನೇದು ಯಾವುದೋ ಮಗು" ಅನ್ನುತ್ತಾರೆ ಮೇಷ್ಟ್ರು.

"ಮಕ್ಕಳು ಯಾರೂ ಮಾತಾಡಿರಲಿಲ್ಲ ಸಾರ್" ಅನ್ನುತ್ತಾರೆ ಶಾಲಿನಿ. "ಎರಡೂ ನೀವೇ ಹೇಳಿದ್ದು."

ಮಂಗಳಕ್ಕ ತಟ್ಟನೆ ಎದ್ದು ನಿಲ್ಲುತ್ತಾರೆ. "ಮೇಷ್ಟ್ರೇ, ರೆಕಾರ್ಡರ್ ಕರೆಂಟಿಗೆ ಆಕಿದ್ರಾ, ಬ್ಯಾಟ್ರೀಲಾ?"

ಮೇಷ್ಟ್ರು ಕಣ್ಣು ಮುಚ್ಚಿ ನೆನೆಯುತ್ತಾರೆ. "ಆ ರೂಮಲ್ಲಿ ಇದ್ದದ್ದೇ ಎರಡು ಪ್ಲಗ್ಗು. ಒಂದು ಕಂಪ್ಯೂಟರಿಗೆ, ಇನ್ನೊಂದು ಟಿವಿಗೆ. ಟೇಪ್ ರೆಕಾರ್ಡರಿಗೆ ಬ್ಯಾಟರಿ. ಅದೂ ಹಳೇದು."

"ಸಿಕ್ತು ಬುಡಿ!" ಮಂಗಳಕ್ಕನ ಕೂಗಿಗೆ ಬೀದಿಯ ನಾಯಿ ಎದ್ದು ಓಡುತ್ತದೆ. ರೆಕಾರ್ಡ್ ಮಾಡುವಾಗ ಬ್ಯಾಟರಿ ಇಳಿಯುತ್ತಾ ಹೋಗಿದೆ, ಟೇಪು ನಿಧಾನವಾಗುತ್ತಾ ಹೋಗಿದೆ. ಈಗ ಒಂದೇ ವೇಗದಲ್ಲಿ ಓಡಿಸಿದರೆ, ಕೊನೆಕೊನೆಗೆ ಎಲ್ಲವೂ ಅವಸರದಲ್ಲಿ ಕೇಳಿಸುತ್ತದೆ. ಹನ್ನೊಂದರಾಚೆಗಿನ ಆ ಅವಸರ ಕಂಪ್ಯೂಟರಿಗೆ ಅರ್ಥವಾಗುತ್ತಿಲ್ಲ. ಟೇಪಿನಲ್ಲಿ ತಪ್ಪಿಲ್ಲ!

ಆದರೆ ಸರಿಮಾಡುವುದು ಸುಲಭವಲ್ಲ. ಟೇಪು ಓಡುತ್ತಿರುವಾಗಲೇ, ಬ್ಯಾಟರಿ ಇಳಿದಷ್ಟೇ ನಿಧಾನವಾಗಿ, ರೆಕಾರ್ಡರಿನ ವೇಗವನ್ನೂ ಇಳಿಸುತ್ತಾ ಹೋಗಬೇಕು. ಅಳತೆಗೆ ಇರುವುದು ಕಿವಿಯೊಂದೇ. ಮಂಗಳಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಳುವಾದ ಸ್ಕ್ರೂಡ್ರೈವರನ್ನು ಮೋಟಾರಿನ ಹಿಂದೆ ವೇಗ ಹೊಂದಿಸುವ ತೂತಿಗೆ ಇಳಿಸುತ್ತಾರೆ. "ಯಾರೂ ಮಾತಾಡ್ಬ್ಯಾಡಿ. ಉಸ್ರೂ ಜೋರಾಗಿ ಬುಡ್ಬ್ಯಾಡಿ."

ಕೀಂ. ಚರ್ರ್. ಒಂದು, ಎರಡು, ಮೂರು. ಅವರ ಕಣ್ಣು ಮುಚ್ಚಿದೆ, ತಲೆ ರೆಕಾರ್ಡರಿನತ್ತ ವಾಲಿದೆ. ಸದ್ದಿನ ಶ್ರುತಿ ಕೂದಲೆಳೆಯಷ್ಟು ಏರಿದರೂ ಬೆರಳು ಕೂದಲೆಳೆಯಷ್ಟು ತಿರುಗುತ್ತದೆ. ಎಂಟು. ಒಂಬತ್ತು. ಶಾಲಿನಿ ಮೇಷ್ಟ್ರ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಹತ್ತು. ಹನ್ನೊಂದು. ಅಂಕಿ ಒಂದು ಕ್ಷಣ ತಡೆದು ನಿಲ್ಲುತ್ತದೆ. ನನ್ನ ಪೆನ್ನೂ ನಿಲ್ಲುತ್ತದೆ. ಹನ್ನೆರಡು!

ಯಾರೂ ಕೂಗುವುದಿಲ್ಲ, ಕೂಗುವಂತಿಲ್ಲ. ಹದಿಮೂರು, ಹದಿನಾಲ್ಕು. ಹಣೆಯ ಬೆವರು ಮಂಗಳಕ್ಕನ ಮೂಗಿನ ತುದಿಗೆ ಬಂದಿದೆ, ಒರೆಸಲು ಕೈ ಬಿಡುವಿಲ್ಲ. ಹದಿನೆಂಟು. ಹತ್ತೊಂಬತ್ತು. ಸದ್ದು ನಿಲ್ಲುತ್ತದೆ. ಆ ಮೌನದಲ್ಲಿ ಟೇಪಿನೊಳಗಿನ ನಲವತ್ನಾಲ್ಕರ ಮಹಾದೇವಸ್ವಾಮಿ ತಮ್ಮದೇ ಗಟ್ಟಿ ದನಿಯಲ್ಲಿ ಹೇಳುತ್ತಾರೆ: "ಹರಿಗೋಲು, ಮುಗೀತು."

"ನಾನೇ ಕಣಮ್ಮ!" ಎಂದು ಎಪ್ಪತ್ತೆಂಟರ ಮಹಾದೇವಸ್ವಾಮಿ ಕುರ್ಚಿಯಿಂದ ಏಳುತ್ತಾರೆ.

ಪರದೆ ಕಪ್ಪಾಗಿ, ನೀಲಿಯಾಗಿ, ಚುಕ್ಕೆ ಚುಕ್ಕೆಯಾಗಿ ನಾಲ್ಕು ಅಕ್ಷರ ಮೂಡುತ್ತವೆ. ಹ, ರಿ, ಗೋ, ಲು. ಕೆಳಗೆ ಆಟ ಬರೆದವರ ಒಂಬತ್ತು ಹೆಸರು. ಶಾಲಿನಿ ಹಾಜರಿ ಕರೆದ ಹಾಗೆ ಅಷ್ಟನ್ನೂ ಜೋರಾಗಿ ಓದುತ್ತಾರೆ. ತಮ್ಮ ಹೆಸರು ಬಂದಾಗ "ಪ್ರೆಸೆಂಟ್ ಸಾರ್!" ಎಂದು ತಾವೇ ಕೂಗಿ, ನಗುತ್ತಲೇ ಅಳುತ್ತಾರೆ. ಮಗಳಿಗೆ ಕಳಿಸಲು ಫೋನ್ ಎತ್ತಿ ಪರದೆಯ ಫೋಟೊ ತೆಗೆಯುತ್ತಾರೆ. ಆಮೇಲೆ ಆಟ. ದುಂಡನೆಯ ಪುಟ್ಟ ಹರಿಗೋಲು, ಗರಗರ ತಿರುಗುವ ಸುಳಿಗಳು. ಶಾಲಿನಿ ಮೂರು ಸಲ ಮುಳುಗುತ್ತಾರೆ. "ಎಡಕ್ಕೆ, ಎಡಕ್ಕೆ! ಅಯ್ಯೋ, ಅವತ್ತೂ ನೀನು ಇಲ್ಲೇ ಮುಳುಗಿಸ್ತಿದ್ದೆ!" ಎಂದು ಮೇಷ್ಟ್ರು ಕೋಲು ಕುಟ್ಟುತ್ತಾರೆ. ಶಟರಿನ ಹೊರಗೆ ಹಾಲು ತರಲು ಹೊರಟವರು, ರೈಲಿಗೆ ಬಂದವರು ಗುಂಪು ಸೇರಿ ಇಣುಕುತ್ತಿದ್ದಾರೆ.

ಎರಡನೇ ಸಲ ಟೇಪು ಓಡಿಸುವ ಅಗತ್ಯವಿಲ್ಲ. ಮಂಗಳಕ್ಕ ಆಗಲೇ ಹೊಸ ಕ್ಯಾಸೆಟ್ಟಿಗೆ ಆಟವನ್ನು ಇಳಿಸಿಕೊಳ್ಳುತ್ತಿದ್ದಾರೆ. ಒಂದಲ್ಲ, ಒಂಬತ್ತು ಪ್ರತಿ, ಹೆಸರಿಗೊಂದು.

ಎಂಟು ಗಂಟೆಗೆ ಅವರೆಲ್ಲ ಹೊರಟ ಮೇಲೆ ಮಂಗಳಕ್ಕ ಮುಖ ತೊಳೆದು, ಹಿಂದಿನ ದಿನ ಬಂದ ಮಿಕ್ಸಿ ಬಿಚ್ಚುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಸ್ಕ್ರೂ ತಿರುಗಿಸುತ್ತಲೇ ಹೇಳುತ್ತಾರೆ.

"ಇಪ್ಪತ್ತು ವರ್ಷದಿಂದ ಗೇಮು ರಿಪೇರಿ ಮಾಡ್ತಿವ್ನಿ ಸಾ. ಎಲ್ಲದ್ರಲ್ಲೂ ಫಸ್ಟ್ ಸ್ಟೇಜ್ ಆಡಿ, ಸರಿ ಐತೆ ಅಂತ ಆಫ್ ಮಾಡಿ ಕೊಟ್ಬುಡ್ತೀನಿ. ಮುಂದ್ಕೆ ಏನೈತೆ ಅಂತ ಒಂದ್ರಲ್ಲೂ ನೋಡಿಲ್ಲ. ಒಂದಿನ ರಜ ಆಕಿ, ಸಂದೆ ಗಂಟ ಕೂತು ಆಡ್ಬೇಕು. ಗೆಲ್ದೇ ಇದ್ರೂ ಬುಡಿ." ಅವರ ಕಣ್ಣು ಮಿಂಚುತ್ತದೆ. "ಕೊನೇ ಸ್ಟೇಜಲ್ಲಿ ಸೋಲ್ಬೇಕು, ಅಷ್ಟೇಯ."