ಎಲ್ಲ ಗಾಡಿಯನ್ನೂ ಪಾಸು ಮಾಡಿದ ಕಾಲು

ಪೆಥೆಲಿ ಬರಿಗಾಲಲ್ಲೇ ಗಾಡಿ ಓಡಿಸುವವನು. ಸರ್ಕಾರಿ ಡ್ರೈವರುಗಳು ಚಪ್ಪಲಿ ಹಾಕಿರಲೇಬೇಕು ಎಂದು ನಿಯಮವಿದೆ. ಅವನೂ ಹಾಕಿಕೊಂಡೇ ಗ್ಯಾರೇಜಿಗೆ ಬರುತ್ತಾನೆ. ಸ್ಟಿಯರಿಂಗ್ ಮುಂದೆ ಕೂತ ಕೂಡಲೇ ಎರಡನ್ನೂ ಬಿಚ್ಚಿ ಪಕ್ಕಕ್ಕೆ ತಳ್ಳುತ್ತಾನೆ. ಕೇಳಿದರೆ, "ನೀನು ಕೈಗೆ ಗ್ಲೌಸ್ ಹಾಕ್ಕೊಂಡು ಊಟ ಮಾಡ್ತೀಯಾ?" ಅನ್ನುತ್ತಾನೆ.

ನಮ್ಮ ದ್ವೀಪದೇಶದ ರಾಜಧಾನಿ ಸುವಾದ ಸರ್ಕಾರಿ ಗ್ಯಾರೇಜಿನಲ್ಲಿ ಡೀಸೆಲ್ ಪಂಪಿನ ಪಕ್ಕ ಕೂತು ಇಪ್ಪತ್ತೆರಡು ವರ್ಷದಿಂದ ಲೀಟರು ಬರೆಯುತ್ತಿರುವವನು ನಾನು. ಯಾವ ಡ್ರೈವರು ಎಷ್ಟು ಕುಡಿಸುತ್ತಾನೆ ಎಂಬುದು ಅವನ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತು, ಗಾಡಿಗೆ ಕುಡಿಸುವುದನ್ನು ಹೇಳುತ್ತಿದ್ದೇನೆ. ಬೇರೆಯವರಿಗೆ ಹತ್ತು ಲೀಟರ್ ಬೇಕಾಗುವ ದಾರಿಗೆ ಪೆಥೆಲಿಗೆ ಏಳು ಸಾಕು. ಹಾಗಂತ ಅವನೇನು ಆಮೆಯಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ತಲುಪುತ್ತಾನೆ.

ಆ ಕಾಲು ಅವನಿಗೆ ಬಂದದ್ದು ಹೊಳೆಯಿಂದ. ವೈನಿಮಾಲ ಹೊಳೆಯ ಮೇಲ್ದಂಡೆಯ ಊರು ಅವನದು. ಆಗ ಅಲ್ಲಿಗೆ ರಸ್ತೆ ಇರಲಿಲ್ಲ, ಅಪ್ಪನ ಮೋಟರ್ ದೋಣಿಯೇ ಎಲ್ಲ. ಒಂದು ಡ್ರಮ್ ಪೆಟ್ರೋಲು ತಿಂಗಳಿಡೀ ಬರಬೇಕಿತ್ತು. ದಾಲೊ ಗೆಡ್ಡೆ ತುಂಬಿಕೊಂಡು ಕೆಳಗಿಳಿಯುವಾಗ ಅಪ್ಪ ಮೋಟರ್ ನಿಲ್ಲಿಸಿ ಬಿದಿರು ಕೋಲು ಹಿಡಿಯುತ್ತಿದ್ದ. "ಹೊಳೆ ಪುಕ್ಕಟೆ ಹೊತ್ಕೊಂಡು ಹೋಗ್ತಿರುವಾಗ ಇದಕ್ಯಾಕೆ ಕುಡಿಸ್ಬೇಕು?" ಎನ್ನುತ್ತಿದ್ದ. ಪೆಥೆಲಿ ರಸ್ತೆಯನ್ನೂ ಹಾಗೆಯೇ ನೋಡುತ್ತಾನೆ. ಮೂರು ತಿರುವಿನಾಚೆಗೆ ಇಳಿಜಾರು ಬರಲಿದೆ ಎಂದು ಅವನ ಹೆಬ್ಬೆರಳಿಗೆ ಮೊದಲೇ ತಿಳಿದಿರುತ್ತದೆ.

ಒಂದು ವರ್ಷ ಮೇಲಿನಿಂದ ಹೊಸ ಆದೇಶ ಬಂತು. ಇನ್ನು ಮುಂದೆ ಸರ್ಕಾರಕ್ಕೆ ಕೊಳ್ಳುವ ಯಾವ ಪಿಕಪ್ ಗಾಡಿಯಾದರೂ ಲೀಟರಿಗೆ ಹದಿಮೂರು ಕಿಲೋಮೀಟರ್ ಓಡಲೇಬೇಕು, ಇಲ್ಲದಿದ್ದರೆ ಕೊಳ್ಳುವಂತಿಲ್ಲ. ಮಾರುವವರ ಲೆಕ್ಕ ನಂಬಬೇಡಿ, ನಮ್ಮ ರಸ್ತೆಯಲ್ಲಿ ನೀವೇ ಓಡಿಸಿ ನೋಡಿ. ಓದಿ ನನಗೆ ಖುಷಿಯಾಯಿತು, ಅಪರೂಪಕ್ಕೆ ಯಾರೋ ತಲೆ ಉಪಯೋಗಿಸಿ ಬರೆದಿದ್ದರು. ಹಳ್ಳಿಗಳ ಆಸ್ಪತ್ರೆಗಳಿಗೆ ಅರವತ್ತು ಪಿಕಪ್ ಬೇಕಿತ್ತು, ಪರೀಕ್ಷೆಗೆ ಮೂರು ಬಗೆಯ ಗಾಡಿ ಬಂದವು. ಬೆಳ್ಳಗಿನದೊಂದು, ನೀಲಿಯದೊಂದು, ಎಮ್ಮೆಯಂಥ ಮೂತಿಯ ಕರಿಯದೊಂದು.

ಖರೀದಿ ಅಧಿಕಾರಿ ಅಪೊರೊಸಿ ಸಾಹೇಬರು, "ಪರೀಕ್ಷೆ ಅಂದ್ಮೇಲೆ ಒಳ್ಳೇ ಡ್ರೈವರೇ ಆಗ್ಬೇಕು" ಎಂದು ಪೆಥೆಲಿಯನ್ನು ಕರೆದರು. ಟ್ಯಾಂಕು ಕಂಠಮಟ್ಟ ತುಂಬಿಸುವುದು, ವುನಿದಾವಾ ತನಕ ಗುಡ್ಡ ಹತ್ತಿ ಇಳಿದು ಬರುವುದು, ಮತ್ತೆ ಕಂಠಮಟ್ಟ ತುಂಬಿಸುವುದು, ಎಷ್ಟು ಹಿಡಿಯಿತು ಎಂದು ನಾನು ಬರೆಯುವುದು. ಬಿಳಿಯದು ಹದಿನೆಂಟು ಕೊಟ್ಟಿತು. ನೀಲಿಯದು ಹದಿನಾರು. ಕರಿಯದೂ ಹದಿಮೂರೂವರೆ. ಮೂರೂ ಪಾಸು! ಕರಿ ಗಾಡಿಯೇ ಎಲ್ಲಕ್ಕಿಂತ ಅಗ್ಗ, ಅದನ್ನೇ ಕೊಳ್ಳುವುದೆಂದಾಯಿತು. ಸಾಹೇಬರು ಪೆಥೆಲಿಯ ಬೆನ್ನು ತಟ್ಟಿದರು, ಸಂಜೆ ಎಲ್ಲರಿಗೂ ಕುಡಿಯಲು ಯಂಗೋನ ಬೇರಿನ ಪಾನಕದ ಬೋಗುಣಿ ತುಂಬಿತು.

ಮರುದಿನ ಡೀಸೆಲಿಗೆ ಉನೈಸಿ ಬಂದಳು. ವುನಿದಾವಾ ಆಸ್ಪತ್ರೆಯ ಗಾಡಿ ಓಡಿಸುವವಳು, ಪೆಥೆಲಿಗೆ ಸೋದರಮಾವನ ಮಗಳು. ಹಾಗಾಗಿ ಅವನನ್ನು ರೇಗಿಸುವುದು ಅವಳ ಹುಟ್ಟುಹಕ್ಕು. ಅವಳು ಬ್ರೇಕು ಹಾಕಿದರೆ ಗ್ಯಾರೇಜಿನ ನಾಯಿಗಳೆಲ್ಲ ಮೂಲೆ ಸೇರುತ್ತವೆ.

"ಏನ್ ಭಾವ, ಕರಿ ಎಮ್ಮೇನ ಪಾಸ್ ಮಾಡ್ಬಿಟ್ಯಂತೆ?"

"ಗಾಡಿ ಓಡ್ತು, ಪಾಸಾಯ್ತು. ನಂದೇನಿದೆ?"

"ಪಾಸಾಗಿರೋದು ಗಾಡಿ ಅಲ್ಲ ಭಾವ, ನಿನ್ನ ಕಾಲು. ಅದೇ ಕರಿ ಗಾಡೀನ ಹೋದ ತಿಂಗಳು ಮಾರೋರು ನಮಗೆ ನೋಡೋಕಂತ ಕೊಟ್ಟಿದ್ರು. ನನಗೆ ಒಂಬತ್ತೂ ದಾಟ್ಲಿಲ್ಲ. ತಿಂಗಳಿಗೆ ಇಷ್ಟೇ ಅಂತ ಕೊಡೋ ಡೀಸೆಲ್ ಇಪ್ಪತ್ತನೇ ತಾರೀಖಿಗೇ ಖಾಲಿ! ಆಮೇಲೆ ಹತ್ತು ದಿನ ನರ್ಸಮ್ಮ ಕುರ್ಚಿ ಮೇಲೆ, ನಾನು ಬೆಂಚಿನ ಮೇಲೆ. ಮೇಲಿನ ಊರುಗಳಿಗೆ ಹೋಗೋರು ಯಾರು?" ನಗುತ್ತಿದ್ದವಳು ನಗು ಬಿಟ್ಟು ಹೇಳಿದಳು, "ಸೆರೆಐಮ ಅತ್ತಿಗೆ ಕಾಲಿನ ಹುಣ್ಣಿಗೆ ವಾರಕ್ಕೊಂದ್ಸಲ ಪಟ್ಟಿ ಬದಲಾಯಿಸ್ಲೇಬೇಕು. ಹೋದ ತಿಂಗಳು ಎರಡು ವಾರ ತಪ್ತು. ಇನ್ನೂ ತಪ್ಪಿದ್ರೆ ಕಾಲೇ ತೆಗೀಬೇಕಾಗತ್ತೆ ಅಂದ್ರು ನರ್ಸಮ್ಮ."

ಸೆರೆಐಮ ಪೆಥೆಲಿಯ ಅಕ್ಕ. ಸಕ್ಕರೆ ಕಾಯಿಲೆಯವಳು, ಹೊಳೆಯ ಮೇಲ್ದಂಡೆಯ ಊರಲ್ಲೇ ಇದ್ದಾಳೆ. ಪೆಥೆಲಿಯ ಮುಖ ಸಣ್ಣಗಾಯಿತು. ಆ ಹದಿಮೂರೂವರೆಯನ್ನು ಬರೆದದ್ದು ನಾನೇ ತಾನೆ, ಪುಸ್ತಕ ತೆರೆದು ಆ ಸಾಲನ್ನೇ ಮತ್ತೊಮ್ಮೆ ನೋಡಿದೆ.

ಅವನು ಸಾಹೇಬರ ಕೈಕಾಲು ಹಿಡಿದು ಕರಿ ಗಾಡಿಯನ್ನು ಇನ್ನೊಮ್ಮೆ ಓಡಿಸಲು ಅನುಮತಿ ಪಡೆದ. ಈ ಸಲ ಕೆಟ್ಟದಾಗಿ ಓಡಿಸುತ್ತೇನೆ ಎಂದು ನನ್ನನ್ನೂ ಕೂರಿಸಿಕೊಂಡ. ಚಪ್ಪಲಿಯನ್ನೂ ಹಾಕಿಕೊಂಡ! ಸವಾನಿ ಊರು ದಾಟುವ ತನಕ ಪರವಾಗಿಲ್ಲ, ಹಲ್ಲು ಕಚ್ಚಿ ಒತ್ತಿದ. ಗುಡ್ಡ ಶುರುವಾದದ್ದೇ ಕಾಲು ತಾನಾಗಿ ಮೇಲೆದ್ದಿತು.

"ಒತ್ತೋ!" ಎಂದು ನಾನು ಕೂಗಿದೆ.

"ಮುಂದೆ ಇಳಿಜಾರಿದೆ ಕಣೋ."

"ಇದ್ರೆ ಇರ್ಲಿ, ಒತ್ತು!"

"ಹೆಂಗೆ ಒತ್ತಲೋ, ಸುಮ್ನೆ ಬಿಟ್ರೂ ಹೋಗತ್ತಲ್ಲ!"

ಹದಿಮೂರು ಮತ್ತು ಚೂರು. ಮತ್ತೆ ಪಾಸು. ಪಂಪಿನ ಪಕ್ಕ ಕೂತು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು, ಅವನ ಕಣ್ಣಲ್ಲಿ ನೀರೂ ಇತ್ತು. ಆಮೇಲೆ ಎದ್ದು ನೇರ ಸಾಹೇಬರ ಕೋಣೆಗೆ ಹೋದ. ಹಿಂದೆಯೇ ನಾನು.

"ಸರ್, ಪರೀಕ್ಷೆಗೆ ಉನೈಸಿ ಓಡಿಸ್ಲಿ."

"ಅವಳಾ? ವರ್ಷಕ್ಕೆ ಎರಡು ಸಲ ಟೈರ್ ಸವೆಸ್ತಾಳಲ್ಲಯ್ಯಾ!"

"ಅದಕ್ಕೇ ಸರ್. ಸರ್ಕಾರದಲ್ಲಿ ನಾನೂರು ಡ್ರೈವರ್‌ಗಳಿದೀವಿ. ನನ್ನ ಥರ ಇರೋನು ನಾನೊಬ್ಬನೇ. ಅರವತ್ತು ಗಾಡೀನೂ ನಾನೇ ಓಡಿಸಕ್ಕಾಗತ್ತಾ?"

ಸಾಹೇಬರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ನಂತರ ನನ್ನನ್ನು ನೋಡಿದರು. ನಾನು ಇಪ್ಪತ್ತೆರಡು ವರ್ಷದ ನನ್ನ ಲೀಟರುಗಳ ಮೇಲೆ ಆಣೆ ಮಾಡಿ ಹೌದು ಸರ್ ಎಂದೆ.

ಮರುದಿನ ಉನೈಸಿ ಬಂದಳು, ಖಾಲಿ ಗಾಡಿ ಓಡಿಸುವುದಿಲ್ಲ ಎಂದಳು. ಲಸಿಕೆಯ ಪೆಟ್ಟಿಗೆ, ನರ್ಸಮ್ಮ, ಹಿಂದೆ ನಾಲ್ಕು ಮೂಟೆ ದಾಲೊ, ದಾರಿಯಲ್ಲಿ ಕೈ ಒಡ್ಡಿದ ಮೂವರು ಹೆಂಗಸರು. ಪಕ್ಕದಲ್ಲಿ ಪೆಥೆಲಿ. ಪ್ರತಿ ತಿರುವಿನಲ್ಲೂ ಅವನು ಇಲ್ಲದ ಬ್ರೇಕನ್ನು ಒತ್ತುತ್ತಿದ್ದನಂತೆ, ಹಿಂದಿನ ಹೆಂಗಸರು ದಾರಿಯುದ್ದಕ್ಕೂ ಕೇಕೆ ಹಾಕಿದರಂತೆ. ಹೀಗೆ ಮೂರು ದಿನ, ಮೂರು ಗಾಡಿ. ಕರಿಯದು ಎಂಟೂ ಮುಕ್ಕಾಲು. ನೀಲಿಯದು ಹನ್ನೊಂದು. ಬಿಳಿಯದು ಹದಿಮೂರಕ್ಕೆ ಮುಟ್ಟಿ ಇನ್ನೊಂದಿಷ್ಟು ಮುಂದೆ ಹೋಯಿತು. ಪೆಥೆಲಿ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಆ ಹದಿಮೂರನ್ನು ತಾನೇ ದಪ್ಪಗೆ ಬರೆದ.

"ನೋಡ್ದಾ ಭಾವ, ಕೆಟ್ಟದಾಗಿ ಓಡ್ಸೋಕೂ ಯೋಗ್ಯತೆ ಬೇಕು," ಎಂದಳು ಉನೈಸಿ.

ಅರವತ್ತು ಬಿಳಿ ಗಾಡಿ ಬಂದವು. ಅದರ ಜೊತೆಗೆ ನಮ್ಮ ಗ್ಯಾರೇಜಿನ ಬೋರ್ಡಿನ ಮೇಲೆ ಸರ್ಕಾರಿ ಮೊಹರಿನ ಆಜ್ಞೆಯೊಂದು ಬಂತು. 'ಖರೀದಿ ಪರೀಕ್ಷೆಯ ವಾಹನಗಳನ್ನು ಡ್ರೈವರ್ ಪೆಥೆಲಿ ಯಾವ ಕಾರಣಕ್ಕೂ ಓಡಿಸತಕ್ಕದ್ದಲ್ಲ.' ಅವನಿಗೆ ಮೆಡಲು ಸಿಕ್ಕಷ್ಟು ಸಂತೋಷ. ಅದರ ಒಂದು ನಕಲು ಮಾಡಿಸಿಕೊಂಡು, ನನ್ನನ್ನೂ ಎಳೆದುಕೊಂಡು ಊರಿಗೆ ಹೊರಟ. ಸೆರೆಐಮಕ್ಕ ಕನ್ನಡಕ ಹಾಕಿಕೊಂಡು ಓದಿದಳು, ಅವಳ ಮುಖದ ಬಣ್ಣ ಇಳಿದುಹೋಯಿತು.

"ಏನ್ ಮಾಡ್ಕೊಂಡ್ಯೋ ತಮ್ಮಾ? ಯಾರಿಗಾದ್ರೂ ಗುದ್ದಿದ್ಯಾ?"

ನಗುವಿನಲ್ಲಿ ಅವನಿಗೆ ಮಾತೇ ಹೊರಡಲಿಲ್ಲ. ನನಗೂ ಅಷ್ಟೆ. ಅವಳ ಕಾಲ ಬಳಿ ಚಾಪೆಯ ಮೇಲೆ ಕೂತು ಹಳೇ ಪಟ್ಟಿ ಬಿಚ್ಚುತ್ತಿದ್ದ ನರ್ಸಮ್ಮನೇ ಹೇಳಬೇಕಾಯಿತು, "ತುಂಬಾ ಚೆನ್ನಾಗಿ ಓಡಿಸ್ತಾರಂತೆ ಅಕ್ಕಾ, ಅದಕ್ಕೇ ಬೇಡ ಅಂದಿದೆ ಸರ್ಕಾರ." ಹುಣ್ಣು ಒಣಗುತ್ತಾ ಬಂದಿತ್ತು. ಅವತ್ತು ತಿಂಗಳ ಇಪ್ಪತ್ತೊಂಬತ್ತನೇ ತಾರೀಖು, ಡೀಸೆಲ್ ಇನ್ನೂ ಉಳಿದಿತ್ತು. ಹೊರಗೆ ಉನೈಸಿ ಬಿಡದೆ ಹಾರ್ನ್ ಹೊಡೆಯುತ್ತಿದ್ದಳು, ಇನ್ನೂ ಎರಡು ಊರು ಬಾಕಿ ಇದ್ದವು.