ಹತ್ತಿರಕ್ಕೆ ಎಸೆದ ಬಿಳಿ ಚೆಂಡು

ಬೋಚಿಯಾ ಎಂಬ ಹೆಸರನ್ನು ಮೊದಲ ಸಲ ಕೇಳಿದಾಗ ನನಗೆ ಮೂವತ್ತನಾಲ್ಕು ವರ್ಷ. ಮುಳಬಾಗಿಲಿನ ಕಚೇರಿಯೊಂದರಲ್ಲಿ ಟಪಾಲು ನೋಡಿಕೊಳ್ಳುವ ಕೆಲಸ. ನನ್ನದು ಸ್ನಾಯುಗಳು ಮೆಲ್ಲಮೆಲ್ಲಗೆ ಸವೆಯುವ ಕಾಯಿಲೆ. ಕಾಲೇಜಿನಲ್ಲಿದ್ದಾಗ ಮೆಟ್ಟಿಲು ಹತ್ತುವುದು ನಿಂತಿತು, ಕೆಲಸಕ್ಕೆ ಸೇರಿದ ಮೇಲೆ ನಡೆಯುವುದು ನಿಂತಿತು. ಗಾಲಿಕುರ್ಚಿಯಲ್ಲಿ ಕೂತವರಿಗೂ ಒಂದು ಆಟವಿದೆ, ಕೋಲಾರದಲ್ಲಿ ಸ್ಪರ್ಧೆ ಇಡುತ್ತಾರಂತೆ ಎಂದು ಅಣ್ಣನಿಗೆ ಯಾರೋ ಲಾರಿ ಡ್ರೈವರ್ ಹೇಳಿದ್ದ. ನಂಗಲಿಯ ಹೆದ್ದಾರಿ ಪಕ್ಕದಲ್ಲಿ ಅಣ್ಣನದು ಪಂಕ್ಚರ್ ಅಂಗಡಿ. ಅದರ ಹಿಂದೆ ಸಿಮೆಂಟ್ ನೆಲದ ಖಾಲಿ ಶೆಡ್ ಒಂದಿತ್ತು. ಅಣ್ಣ ಅಲ್ಲಿ ಬಣ್ಣದಲ್ಲಿ ಗೆರೆ ಎಳೆದ. ಭಾನುವಾರ ಬಂದರೆ ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ.

ಆಟ ಸುಲಭ. ಮೊದಲು ಒಂದು ಬಿಳಿ ಚೆಂಡನ್ನು ಎಸೆಯಬೇಕು. ಆಮೇಲೆ ಒಬ್ಬರು ಆರು ಕೆಂಪು ಚೆಂಡು, ಇನ್ನೊಬ್ಬರು ಆರು ನೀಲಿ ಚೆಂಡುಗಳನ್ನು ಆ ಬಿಳಿ ಚೆಂಡಿನ ಹತ್ತಿರಕ್ಕೆ ಹಾಕಬೇಕು. ಯಾರದು ಹತ್ತಿರವೋ ಅವರಿಗೆ ಅಂಕ. ಹೀಗೆ ನಾಲ್ಕು ಸುತ್ತು. ಬಿಳಿ ಚೆಂಡನ್ನು ಒಂದು ಸುತ್ತು ಒಬ್ಬರು, ಮರು ಸುತ್ತು ಇನ್ನೊಬ್ಬರು ಎಸೆಯುತ್ತಾರೆ. ಅದು ನಮ್ಮ ಮುಂದೆ ವಿ ಆಕಾರದಲ್ಲಿ ಎಳೆದ ಗೆರೆಯನ್ನು ದಾಟಲೇಬೇಕು. ದಾಟದಿದ್ದರೆ ತೀರ್ಪುಗಾರರು ಅದನ್ನು ಎತ್ತಿ ಎದುರಾಳಿಯ ಕೈಗೆ ಕೊಡುತ್ತಾರೆ.

ವೈಯಕ್ತಿಕ ಸ್ಪರ್ಧೆಯಲ್ಲಿ, ಕೈಯಲ್ಲೇ ಎಸೆಯುವ ನಮ್ಮ ವರ್ಗಕ್ಕೆ ಮೊದಲ ವರ್ಷ ಮೂವರು ಹೆಂಗಸರು ಬಂದಿದ್ದೆವು. ನಾನು, ಮಾಲೂರಿನವರೊಬ್ಬರು, ಶ್ರೀನಿವಾಸಪುರದ ಒಬ್ಬ ಹುಡುಗಿ. ಮಾಲೂರಿನವರು ಮರುವರ್ಷ ಬರಲಿಲ್ಲ. ಅಲ್ಲಿಂದಾಚೆಗೆ ನಾವಿಬ್ಬರೇ.

ಹುಡುಗಿಗೆ ಆಗ ಹತ್ತೊಂಬತ್ತು. ಎರಡು ಜಡೆ, ಹೊಸ ಗಾಲಿಕುರ್ಚಿ. ಚೆಂಡನ್ನು ಕಲ್ಲೆಸೆಯುವವರ ಹಾಗೆ ಬೀಸಿ ಒಗೆಯುತ್ತಿದ್ದಳು. ಅದು ಅಂಕಣ ದಾಟಿ ನೋಡುವವರ ಕುರ್ಚಿಗಳ ಕೆಳಗೆ ಹೋಗಿ ನಿಲ್ಲುತ್ತಿತ್ತು. ಅವಳನ್ನು ಸೋಲಿಸಿದ ಮೇಲೆ ನಾನೇ ಕರೆದು, ಕೈಯನ್ನು ಕೆಳಗೆ ಇಳಿಬಿಟ್ಟು ತೂಗುವುದು ಹೇಗೆಂದು ತೋರಿಸಿಕೊಟ್ಟೆ. ಆವತ್ತಿನಿಂದ ನಾನು ಅವಳಿಗೆ ಅಕ್ಕ. ಪ್ರತಿ ವಾರ ಫೋನ್ ಮಾಡುತ್ತಿದ್ದಳು.

"ಅಕ್ಕಾ, ಇವತ್ತು ಗೋಡೆಗೇ ತಾಕಿಸ್ದೆ!"

"ಗೋಡೆಗ್ಯಾಕೇ ತಾಕಿಸ್ತೀಯಾ? ಬಿಳೀದ್ರ ಪಕ್ಕ ನಿಲ್ಸು, ಸಾಕು."

ನೋಂದಣಿಯ ಮೇಜಿನ ಮೇಲೆ ಅವಳ ವೈದ್ಯಕೀಯ ಪ್ರಮಾಣಪತ್ರ ನನ್ನದರ ಪಕ್ಕದಲ್ಲೇ ಇತ್ತು. ಎರಡರಲ್ಲೂ ಕಾಯಿಲೆಯ ಹೆಸರು ಒಂದೇ. ಅವಳಿಗೂ ಗೊತ್ತಿರುತ್ತದೆ ಎಂದುಕೊಂಡೆ. ನಾವಿಬ್ಬರೂ ಅದರ ಮಾತೆತ್ತಲಿಲ್ಲ. ಎತ್ತದಿರುವುದೇ ಮರ್ಯಾದೆ ಅನ್ನಿಸಿತ್ತು.

ಎರಡನೇ ವರ್ಷ ಅವಳು ಗೆದ್ದಳು. ನನಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ಆ ಚಳಿಗಾಲದಲ್ಲೇ ನನ್ನ ಬಲಗೈ ಕೈಕೊಟ್ಟಿತು. ಶೆಡ್ಡಿನ ನೆಲದ ಮೇಲೆ ಚೆಂಡು ವಾರದಿಂದ ವಾರಕ್ಕೆ ಹಿಂದೆ ಹಿಂದೆ ನಿಲ್ಲತೊಡಗಿತು. "ನೆಲ ಒರಟಾಗಿದೆ ಕಣೇ" ಎಂದು ಅಣ್ಣ ಎರಡು ಸಲ ಗುಡಿಸಿ ತೊಳೆದ. ನೆಲದ ತಪ್ಪಲ್ಲವೆಂದು ಅವನಿಗೂ ಗೊತ್ತಿತ್ತು. ಇಳಿಜಾರು ಹಲಗೆಯ ಮೇಲಿಂದ ಚೆಂಡು ಉರುಳಿಸುವ ಬೇರೆ ವರ್ಗವಿದೆ, ಅದಕ್ಕೆ ಸೇರು ಎಂದು ಹೇಳಿಯೂ ನೋಡಿದ. ಈ ಒಂದು ಸಲ ಕೈಯಲ್ಲೇ ಎಸೆಯುತ್ತೇನೆ ಎಂದೆ.

ಮೂರನೇ ವರ್ಷದ ಪಂದ್ಯ ಶುರುವಾದದ್ದು ಬೆಳಗ್ಗೆ ಹನ್ನೊಂದಕ್ಕೆ. ಮೊದಲ ಸುತ್ತಿನ ಬಿಳಿ ಚೆಂಡು ನನ್ನದು. ತೂಗಿ ಬಿಟ್ಟೆ. ಅದು ಉರುಳಿ ಉರುಳಿ, ಗೆರೆಗೆ ಒಂದು ಗೇಣು ಇರುವಾಗ ನಿಂತುಬಿಟ್ಟಿತು. ತೀರ್ಪುಗಾರರು ಅದನ್ನೆತ್ತಿ ಹುಡುಗಿಗೆ ಕೊಟ್ಟರು.

ಅವಳು ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕೈ ನೋಡಿದಳು. ಅದನ್ನು ಅಂಕಣದ ಆ ತುದಿಗೆ ಎಸೆದಿದ್ದರೆ ನನ್ನ ಒಂದು ಚೆಂಡೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಆಡುವವರು ಯಾರಾದರೂ ಹಾಗೇ ಮಾಡುತ್ತಾರೆ. ಅವಳು ಮೆಲ್ಲಗೆ ಬಿಟ್ಟಳು. ಬಿಳಿ ಚೆಂಡು ಗೆರೆಯ ಆಚೆಗೆ ನಾಲ್ಕು ಬೆರಳು ದಾಟಿ ನಿಂತಿತು.

ಎರಡನೇ ಸುತ್ತಲ್ಲೂ ಹಾಗೇ ಮಾಡಿದಳು. ಮೂರನೇ ಸುತ್ತಲ್ಲಿ ನನ್ನ ಚೆಂಡು ಮತ್ತೆ ಗೆರೆ ದಾಟಲಿಲ್ಲ. ಅವಳು ಮತ್ತೆ ಹತ್ತಿರಕ್ಕೇ ಹಾಕಿದಳು. ನಾಲ್ಕನೆಯದರಲ್ಲೂ ಅಷ್ಟೇ. ಅಷ್ಟು ಹತ್ತಿರ ಆಡಿ ಅವಳಿಗೆ ರೂಢಿಯಿರಲಿಲ್ಲ. ಅವಳ ನೀಲಿ ಚೆಂಡುಗಳು ಮುಂದೆ ಮುಂದೆ ಹೋದವು. ನಾನು ಒಂದು ಅಂಕದಿಂದ ಗೆದ್ದೆ. ಪದಕ ಹಾಕಿದರು. ಯಾರೋ, "ಮೇಡಂ, ಅನುಭವ ಅಂದ್ರೆ ಇದು" ಎಂದರು. ಅಣ್ಣ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಸಭಾಂಗಣದ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಅವಳು ಕುರ್ಚಿ ತಳ್ಳಿಕೊಂಡು ನನ್ನ ಪಕ್ಕಕ್ಕೆ ಬಂದಳು. ನಗುತ್ತಿದ್ದಳು.

"ಅಕ್ಕಾ, ಪಾರ್ಟಿ ಯಾವಾಗ?"

"ನಂಗೆ ಭಿಕ್ಷೆ ಹಾಕ್ದೇನೇ?" ಎಂದೆ.

"ಅಯ್ಯೋ, ಹಂಗಲ್ಲಕ್ಕ. ನಿಮ್ ಕೈ ನೋವಿತ್ತೇನೋ ಅಂತ..."

ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಇಪ್ಪತ್ತು ವರ್ಷದಿಂದ ನನಗೆ ಪಾಪ ಎಂದವರಿಗೆಲ್ಲ ಆಡಬೇಕಿದ್ದ ಮಾತನ್ನು ಆ ಮಗುವಿಗೆ ಆಡಿಬಿಟ್ಟೆ. "ನೋವಲ್ಲ ಇದು. ಹೋಗ್ಬಿಟ್ಟಿದೆ. ಇನ್ನು ಹತ್ತು ವರ್ಷ ಹೋಗ್ಲಿ, ನಿನ್ ಕೈಯೂ ಹಿಂಗೇ ಆಗತ್ತೆ. ಆಗ ಯಾರಾದ್ರೂ ನಿಂಗೆ ಹಿಂಗೆ ಹತ್ರ ಹಾಕಿದ್ರೆ ಗೊತ್ತಾಗತ್ತೆ."

ಅವಳ ನಗು ತಕ್ಷಣ ಹೋಗಲಿಲ್ಲ. "ನಂದು ಬೇರೆ ಅಲ್ವಾಕ್ಕ? ನಂದು ಪೋಲಿಯೋ ತರ. ಎಷ್ಟಾಗಿದ್ಯೋ ಅಷ್ಟೇ ಅಂತೆ. ಅಮ್ಮ ಹೇಳಿದಾಳೆ."

"ನಿನ್ ಪೇಪರ್ ನೋಡಿದೀನಿ. ನಿಂದೂ ನಂದೂ ಒಂದೇ."

ಹೇಳಿ ಮುಗಿಯುವಾಗ ಅವಳ ತಾಯಿ ಹಿಂದೆ ನಿಂತಿದ್ದರು, ಕೈಯಲ್ಲಿ ನೀರಿನ ಬಾಟಲಿ. ಎಷ್ಟು ಕೇಳಿಸಿಕೊಂಡರೋ, ನನ್ನನ್ನು ಬೈಯಲಿಲ್ಲ. "ಎಂದುಕಮ್ಮಾ ಚೆಪ್ತಿವಿ?" ಎಂದರು ತೆಲುಗಿನಲ್ಲಿ. ಯಾಕಮ್ಮಾ ಹೇಳಿದೆ? ಅಷ್ಟೇ. ಮಗಳ ಕುರ್ಚಿಯನ್ನು ತಿರುಗಿಸಿಕೊಂಡು ಹೋದರು. ಹುಡುಗಿ ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದಳು.

ಮುಳಬಾಗಿಲಲ್ಲಿ ಮನೆಯ ಮುಂದೆ ನನ್ನನ್ನು ಎತ್ತಿ ಇಳಿಸುವಾಗ ಅಣ್ಣ, "ಆ ಪಾಪಚ್ಚಿಗೆ ಹಂಗನ್ನಬಾರ್ದಾಗಿತ್ತು" ಎಂದ.

ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಎರಡು ತಿಂಗಳು ತಡೆದು, ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋಗೆಂದು ಅಣ್ಣನನ್ನು ಕೇಳಿದೆ. ಅವರ ಮನೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ತಾಯಿ ಬಾಗಿಲು ತೆರೆದರು. ಒಳಗೆ ಬನ್ನಿ ಎಂದರು, ಕಾಫಿ ಕೊಟ್ಟರು, ಉಪ್ಪಿಟ್ಟು ತಿನ್ನುತ್ತೀರಾ ಎಂದೂ ಕೇಳಿದರು. ಆ ಉಪಚಾರ ಸಹಿಸುವುದು ಬೈಗುಳಕ್ಕಿಂತ ಕಷ್ಟವಾಯಿತು.

ಹುಡುಗಿ ಕಿಟಕಿಯ ಹತ್ತಿರ ಕೂತಿದ್ದಳು. ತೆಳ್ಳಗಾಗಿದ್ದಳು. ನಾನು ಕ್ಷಮಿಸು ಎಂದೆ.

"ಬಿಡಿ ಅಕ್ಕ. ನಿಜಾನೇ ಹೇಳಿದ್ರಿ. ಡಾಕ್ಟರ್ ಹತ್ರ ಹೋಗಿ ಕೇಳ್ದೆ." ತಾಯಿ ಒಳಗೆ ಹೋಗುವವರೆಗೆ ಕಾದು ದನಿ ತಗ್ಗಿಸಿದಳು. "ಒಂದು ಕೇಳ್ಲಾ? ತಲೆ ಬಾಚ್ಕೊಳ್ಳೋದು ನಿಮ್ಗೆ ಯಾವಾಗ ನಿಂತೋಯ್ತು?"

"ಮೂವತ್ತಕ್ಕೆ."

"ತಟ್ಟೆಯಿಂದ ಬಾಯಿಗೆ?"

"ಇನ್ನೂ ಆಗತ್ತೆ. ಮೊಣಕೈ ಮೇಜಿನ ಮೇಲಿಟ್ಕೊಂಡ್ರೆ."

"ರಾತ್ರಿ ಮಗ್ಗಲು ತಿರುಗೋದು?"

ಸುಳ್ಳು ಹೇಳೋಣ ಅನ್ನಿಸಿತು. ಆದರೆ ಅವಳಿಗೆ ಸುಳ್ಳು ಹೇಳಲು ಇನ್ನೊಬ್ಬರು ಬೇಕಿರಲಿಲ್ಲ. "ಹೋದ ವರ್ಷ. ಈಗ ಅಣ್ಣನೋ ಅತ್ತಿಗೆಯೋ ಎದ್ದು ತಿರುಗಿಸ್ತಾರೆ."

ಅವಳು ಬೆರಳಲ್ಲಿ ಲೆಕ್ಕ ಹಾಕಿದಳು. "ಅಮ್ಮಂಗೆ ಆಗ ಅರವತ್ತಾಗಿರತ್ತೆ."

"ಎಲ್ಲರಿಗೂ ಒಂದೇ ವೇಗ ಇರಲ್ಲ ಕಣೇ. ನಿಂಗೆ ನಿಧಾನವಾಗಿ ಬರಬಹುದು."

"ಹ್ಞೂಂ. ಅಮ್ಮನೂ ಈಗ ಹಂಗೇ ಹೇಳ್ತಾಳೆ."

ಮುಂದಿನ ವರ್ಷ ಆಡುತ್ತೀಯಲ್ಲವೇ ಎಂದು ನಾನು ಕೇಳಿದ್ದಕ್ಕೆ ಇಲ್ಲವೆಂದು ತಲೆ ಅಲ್ಲಾಡಿಸಿದಳು. ದಿನವೂ ಮಾಡುತ್ತಿದ್ದ ವ್ಯಾಯಾಮವನ್ನೂ ಬಿಟ್ಟಿದ್ದಾಳೆಂದು, ನಾವು ಹೊರಡುವಾಗ ತಾಯಿ ಅಣ್ಣನಿಗೆ ಹೇಳಿದರು. ನನಗೆ ಹೇಳಲಿಲ್ಲ. ಆ ಹೆಂಗಸು ಹತ್ತು ವರ್ಷ ಒಂದು ಸುಳ್ಳನ್ನು ಒಬ್ಬಳೇ ಹೊತ್ತು, ಅದರ ನೆರಳಲ್ಲಿ ಮಗಳನ್ನು ನಗಿಸಿಕೊಂಡು ಬಂದಿದ್ದಳು. ಅದು ಸರಿಯೋ ತಪ್ಪೋ ನಾನು ಹೇಳಲಾರೆ. ಕಿತ್ತುಕೊಳ್ಳುವ ಹಕ್ಕು ನನಗಿರಲಿಲ್ಲ.

ಈ ವರ್ಷ ಕೋಲಾರದಿಂದ ಫೋನ್ ಬಂತು. ಕೈಯಲ್ಲಿ ಎಸೆಯುವ ನಿಮ್ಮ ವರ್ಗದಲ್ಲಿ ಬೇರೆ ಯಾರ ಹೆಸರೂ ಬಂದಿಲ್ಲ, ಹಲಗೆಯ ವರ್ಗಕ್ಕೆ ಬರೆದುಕೊಳ್ಳಲೇ ಎಂದು ಕೇಳಿದರು. ಬೇಡ ಎಂದೆ. ಅಣ್ಣ ಆ ಶೆಡ್ಡಿನಲ್ಲಿ ಈಗ ಹಳೆಯ ಟೈರು ಒಟ್ಟಿದ್ದಾನೆ.

ಶ್ರೀನಿವಾಸಪುರಕ್ಕೆ ಆಗಾಗ ಫೋನ್ ಮಾಡುತ್ತೇನೆ. ತಾಯಿ ಎತ್ತುತ್ತಾರೆ. "ಮಲ್ಕೊಂಡಿದಾಳಮ್ಮ" ಅನ್ನುತ್ತಾರೆ. ಬೆಳಗ್ಗೆ ಹತ್ತಕ್ಕೆ ಮಾಡಿದರೂ ಅದೇ, ಸಂಜೆ ನಾಲ್ಕಕ್ಕೆ ಮಾಡಿದರೂ ಅದೇ.