ಹಲಗೆಯ ಮೇಲೆ ಕೂತ ಹಕ್ಕಿಗಳು

ಬೆಂಗ್ರೆಯ ತುಕ್ರನಿಗೆ ಶಾಲೆಯ ಅಕ್ಷರ ಒಂದೂ ಬಾರದು. ಆದರೆ ಕಡಲ ಹಕ್ಕಿಗಳನ್ನು ಅವನಷ್ಟು ಓದಿದವನನ್ನು ಈ ದಂಡೆಯಲ್ಲಿ ನಾನು ಕಂಡಿಲ್ಲ. ಹಕ್ಕಿ ಎತ್ತರದಲ್ಲಿ ಸುತ್ತಿದರೆ ಮೀನು ಇನ್ನೂ ಆಳದಲ್ಲುಂಟು. ತಲೆಕೆಳಗಾಗಿ ನೀರಿಗೆ ಬಿದ್ದರೆ ಬೂತಾಯಿ ಮೀನು ಮೇಲೆ ಬಂದಿದೆ, ಬಲೆ ಬಿಡು. ಸುಮ್ಮನೆ ಕೂತಿದ್ದರೆ ಅಲ್ಲಿ ಏನೂ ಇಲ್ಲ, ಡೀಸೆಲ್ ಸುಡಬೇಡ. ಇಪ್ಪತ್ತು ವರ್ಷ ತಂಡೇಲನಾಗಿ ಬೋಟು ನಡೆಸಿದ್ದು ಇದೇ ವಿದ್ಯೆಯಿಂದ. ಅವನ ಇಂಜಿನಿನ ಹತ್ತಿರ ಹದಿನಾಲ್ಕು ವರ್ಷ ಕೂತವ ನಾನು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ.

ಹನ್ನೊಂದು ವರ್ಷದ ಹಿಂದೆ, ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೊದಲ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ತುಕ್ರ ಮೇಲಿನಿಂದ ಗಂಟೆ ಬಾರಿಸಿ ಬೋಟು ತಿರುಗಿಸಿದ. ದೂರದಲ್ಲಿ ಹಕ್ಕಿಗಳಿವೆ, ಆದರೆ ಕೂತ ಹಕ್ಕಿಗಳು ಎಂದ. ನಾವು ಬಡಗು ದಿಕ್ಕಿಗೆ ಹೋದೆವು. ಒಳ್ಳೆಯ ಮೀನೇ ಬಿತ್ತು.

ಸಂಜೆ ಸುದ್ದಿ ಬಂತು. ಅವನ ತಂಗಿ ಕುಮುದಿನಿಯ ಗಂಡ ಮಾಯಿಲಪ್ಪ ಬೇರೊಂದು ಬೋಟಿನಲ್ಲಿದ್ದವ, ನಸುಕಿನಲ್ಲಿ ಬಲೆ ಬಿಡುವಾಗ ಕಾಲು ಜಾರಿ ನೀರಿಗೆ ಬಿದ್ದಿದ್ದ. ಜೊತೆಯವರು ಮೀನು ತುಂಬುವ ಐಸ್ ಗುಂಡಿಯ ಮರದ ಮುಚ್ಚಳವನ್ನೇ ಕಿತ್ತು ಅವನ ಕಡೆ ಎಸೆದಿದ್ದರು. ಅಲೆಯಲ್ಲಿ ಆಳೂ ಹಲಗೆಯೂ ಕಣ್ಣಿಗೆ ಸಿಗದೆ ಹೋದವು. ಅವರ ವೈರ್‌ಲೆಸ್ ಕೆಟ್ಟಿದ್ದರಿಂದ ಉಳಿದ ಬೋಟುಗಳಿಗೆ ತಿಳಿಯುವಾಗ ಹೊತ್ತು ಮುಳುಗುತ್ತಿತ್ತು. ಮೂರು ದಿನ ಹುಡುಕಿದೆವು. ಒಂದು ಚೂರು ಬಟ್ಟೆಯೂ ಸಿಗಲಿಲ್ಲ.

ನಾಲ್ಕನೇ ದಿನ ದಕ್ಕೆಯಲ್ಲಿ ಬೋಟು ಕಟ್ಟುವಾಗ ತುಕ್ರ ನನ್ನೊಬ್ಬನಿಗೆ ಹೇಳಿದ: "ಹಕ್ಕಿ ನೀರಿನ ಮೇಲೆ ಕೂತದ್ದಲ್ಲ ಮಾರಾಯ. ನೀರಿಗಿಂತ ಒಂದು ಗೇಣು ಎತ್ತರದಲ್ಲಿ ಕೂತಿತ್ತು. ನಾಲ್ಕು ಹಕ್ಕಿ. ಅಡಿಯಲ್ಲಿ ಎಂತದೋ ಇತ್ತು."

ಯಾರಿಗೂ ಹೇಳಬೇಡ ಎಂದೆ. ಆ ಮಾತು ಹೇಳಿದವ ನಾನೇ. ಅಂದಿನಿಂದ ತುಕ್ರ ಚುಕ್ಕಾಣಿ ಮುಟ್ಟಲಿಲ್ಲ. ದಂಡೆಯಲ್ಲಿ ಬಲೆ ಹೆಣೆಯುತ್ತ ಕೂರುತ್ತಿದ್ದ. ಮುರಿದ ಕಂಬದ ಮೇಲೆ ಒಂದು ಹಕ್ಕಿ ಬಂದು ಕೂತರೂ ಅವನ ಕೈಯ ಸೂಜಿ ನಿಲ್ಲುತ್ತಿತ್ತು. ಎದ್ದು ಹೋಗಿ, ಕಂಬದ ಬುಡದಲ್ಲಿ ಬಗ್ಗಿ ನೋಡಿ ಬರುತ್ತಿದ್ದ.

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಿನಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಅದಕ್ಕೆ ಮೊದಲು ಅವರನ್ನು ಶಾಸ್ತ್ರ ಮಾಡಿ, ಹಿಂದೆ ತೀರಿದ ಹಿರಿಯರ ಜೊತೆ ಸೇರಿಸಬೇಕು. ಸೇರಿಸದೆ ಉಳಿದವರು ಅಂಗಳದಲ್ಲೇ ನಿಂತಿರುತ್ತಾರೆ, ಒಳಗೆ ಬರಲಾರರು. ಕುಮುದಿನಿ ಗಂಡನನ್ನು ಸೇರಿಸಲಿಲ್ಲ. ಸತ್ತದ್ದನ್ನು ಕಂಡವರು ಯಾರು, ನಾನು ಯಾರ ಮಾತು ನಂಬಿ ಎಲೆ ಹಾಕಲಿ ಎಂದು ಪ್ರತಿ ಆಟಿಯಲ್ಲೂ ಕೇಳುತ್ತಿದ್ದಳು. ತುಕ್ರ ತಲೆ ತಗ್ಗಿಸಿ ಕೂತಿರುತ್ತಿದ್ದ. ಬಾಯಿ ಬಿಟ್ಟರೆ ತಂಗಿಯ ಕಾಯುವಿಕೆ ಮುಗಿಯುತ್ತದೆ, ಆದರೆ ಬೋಟು ತಿರುಗಿಸಿದವನು ಒಡಹುಟ್ಟಿದ ಅಣ್ಣ ಎಂದೂ ತಿಳಿಯುತ್ತದೆ.

ಈ ವರ್ಷ ಆಟಿ ಮುಗಿಯಲು ಹತ್ತು ದಿನವಿತ್ತು. ಹಕ್ಕಿ ನೋಡುವವರ ಒಂದು ತಂಡ ನನ್ನ ಅಳಿಯನ ಬೋಟನ್ನು ಬಾಡಿಗೆಗೆ ಕೇಳಿತು. ಕಡಲು ಬಲ್ಲವನೊಬ್ಬ ಬೇಕು ಎಂದರು. ತುಕ್ರ ಒಪ್ಪಲಾರ ಎಂದುಕೊಂಡೇ ಕರೆದೆ. ಅವನು ಬಲೆ ಬದಿಗಿಟ್ಟು, ಅವರಿಗೆ ಹಕ್ಕಿಯ ವಿಷಯ ಎಲ್ಲ ಗೊತ್ತುಂಟಾ ಎಂದು ಮಾತ್ರ ಕೇಳಿ ಹೊರಟ.

ನದಿ ಕಡಲು ಸೇರುವ ಅಳಿವೆ ದಾಟಿದ ಮೇಲೆ ತಂಡದಲ್ಲಿ ಅರ್ಧ ಜನ ವಾಂತಿ ಮಾಡುತ್ತ ಮಲಗಿದರು. ಎದ್ದು ನಿಂತಿದ್ದವಳು ಚೈತಾಲಿ, ಅವರ ಮುಂದಾಳು, ಕುತ್ತಿಗೆಯಲ್ಲಿ ದೊಡ್ಡ ದುರ್ಬೀನು. ದಡ ಮರೆಯಾಗಿ ಎರಡು ಗಂಟೆಯಾದಾಗ ತುಕ್ರ ಕೈ ಚಾಚಿದ. ನನಗೆ ಏನೂ ಕಾಣಲಿಲ್ಲ. ಚೈತಾಲಿ ದುರ್ಬೀನು ಹಿಡಿದು ಹಿಗ್ಗಿದಳು. ಕಪ್ಪು ಬೆನ್ನಿನ, ಹಣೆಯಲ್ಲಿ ಬಿಳಿ ಪಟ್ಟಿಯ ಹಕ್ಕಿಗಳು, ತೇಲುವ ಯಾವುದೋ ವಸ್ತುವಿನ ಮೇಲೆ ಕೂತಿವೆ ಎಂದಳು. ಬರಿಗಣ್ಣಲ್ಲಿ ಹೇಗೆ ಕಂಡಿತು ನಿಮಗೆ, ನನ್ನ ದುರ್ಬೀನು ಮಾರಿಬಿಡ್ತೇನೆ ಎಂದು ನಕ್ಕಳು.

ತುಕ್ರ ನಗಲಿಲ್ಲ. "ಮೇಡಂ, ಅಡಿಯಲ್ಲಿ ಜೀವ ಇದ್ರೆ ಇದು ಕೂತ್ಕೊಳ್ತದಾ?"

"ಕೂತ್ಕೊಳ್ತದೆ. ಬದುಕಿದ ಆಮೆಯ ಬೆನ್ನ ಮೇಲೆ ಕೂತದ್ದನ್ನು ನಾನೇ ನೋಡಿದ್ದೇನೆ. ತುಂಬಾ ಅಲುಗಾಡದಿದ್ರೆ ಆಯ್ತು."

ಜೀವ ಇದ್ದರೆ ಕೂರುವುದಿಲ್ಲ ಎಂಬ ಒಂದು ಉತ್ತರಕ್ಕಾಗಿ ಅವನು ಹನ್ನೊಂದು ವರ್ಷ ಕಾದಿದ್ದ ಅಂತ ನನಗೆ ಆಗ ಹೊಳೆಯಿತು. ಅವನು ನನ್ನ ಅಳಿಯನನ್ನು ಸರಿಸಿ ತಾನೇ ಚುಕ್ಕಾಣಿ ಹಿಡಿದ. ಬೋಟು ನೇರ ಅತ್ತ ಹೊರಟಿತು. ಹಕ್ಕಿಗಳು ನಾಲ್ಕೇ ಇದ್ದವು; ನಾನು ಎರಡು ಸಲ ಎಣಿಸಿದೆ. ಹತ್ತಿರವಾದಂತೆ ಇಂಜಿನ್ ನಿಲ್ಲಿಸಿ ತೇಲಿಸಿದ. ಪಾಚಿ ಹಿಡಿದ ಹಳೆಯ ಹಲಗೆ, ಅಂಚಿನ ತುಂಬ ಚಿಪ್ಪು. ಅಷ್ಟೇ. ತುಕ್ರ ಬೋಟಿನ ಅಂಚಿನಲ್ಲಿ ಬೋರಲು ಮಲಗಿ, ಹಲಗೆಯ ಪಕ್ಕ ನೀರಿಗೆ ಕೈ ಇಳಿಸಿದ, ಮೊಣಕೈ ಮುಳುಗುವವರೆಗೆ. ಆಚೀಚೆ ತಡವಿದ. ಹಕ್ಕಿಗಳು ಹಾರಲಿಲ್ಲ. ಒಂದು ಕತ್ತು ಓರೆ ಮಾಡಿ ಅವನನ್ನೇ ನೋಡುತ್ತಿತ್ತು. ಚೈತಾಲಿಯೂ ಕ್ಯಾಮೆರಾ ಕೆಳಗಿಳಿಸಿದಳು.

ದಕ್ಕೆಗೆ ಬಂದವನೇ ಫೆರಿ ಹತ್ತಿ ಸೀದಾ ತಂಗಿಯ ಮನೆಗೆ ನಡೆದ. ನಾನೂ ಹಿಂದೆ ಹೋದೆ, ತಪ್ಪಿನಲ್ಲಿ ಪಾಲು ನನ್ನದೂ ಇತ್ತಲ್ಲ. ಕುಮುದಿನಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಸುಮ್ಮನಿರು ಎಂದವ ನಾನು ಅಂತ ನಾನು ಸೇರಿಸಿದೆ. ಅವಳು ಬುಟ್ಟಿ ತೊಳೆದು ಮುಗಿಸಿದಳು. ಎಷ್ಟು ಹೊತ್ತಿಗೆ ಕಂಡದ್ದು ಎಂದು ಕೇಳಿದಳು. ಹತ್ತಕ್ಕೆ ಎಂದ. ಬೆಳಕು ಹರಿದು ನಾಲ್ಕು ಗಂಟೆ ಕಳೆದಿತ್ತು, ಎಂದು ತನ್ನಷ್ಟಕ್ಕೆ ಹೇಳಿ ಒಳಗೆ ಹೋದಳು.

ಒಂದು ವಾರ ಅಣ್ಣನ ಜೊತೆ ಮಾತಿಲ್ಲ. ಆಟಿಯ ಕೊನೆಯ ಭಾನುವಾರ ಹೇಳಿಕಳಿಸಿದಳು. ಮಧ್ಯಾಹ್ನ ಒಳಕೋಣೆಯಲ್ಲಿ ಹಿರಿಯರ ಎಲೆಗಳ ಪಕ್ಕ ಹೊಸದೊಂದು ಎಲೆ. ಅನ್ನ, ಕೋಳಿ, ಮಾಯಿಲಪ್ಪನಿಗೆ ಇಷ್ಟವಾದ ಬಂಗುಡೆ ಪುಳಿಮುಂಚಿ. ಹೋದವರನ್ನು ಹೆಸರು ಹಿಡಿದು ಒಳಗೆ ಕರೆದು, ಬಾಗಿಲೆಳೆದು, ಅವರು ಉಣ್ಣುವಷ್ಟು ಹೊತ್ತು ಎಲ್ಲರೂ ಹೊರಗೆ ನಿಲ್ಲಬೇಕು. ಕರೆಯುವವರು ಮನೆಯ ಯಜಮಾನರು. ಅವರು ಬಾಯಿ ತೆರೆಯುವಾಗ ಕುಮುದಿನಿ ತಡೆದಳು.

"ಅಣ್ಣ ಕರೆಯಲಿ. ಕೊನೆಗೆ ಕಂಡದ್ದು ಅವನು."

ತುಕ್ರ ಹೊಸ್ತಿಲಲ್ಲಿ ಕಡಲ ಕಡೆ ತಿರುಗಿದ. "ಮಾಯಿಲಪ್ಪ ಭಾವ, ಬಾ. ಊಟಕ್ಕೆ ಬಾ." ಮೂರು ಸಲ ಕರೆಯಬೇಕು. ಮೂರನೆಯದು ಮುಗಿದ ಮೇಲೂ, ಓಗೊಡುವುದನ್ನು ಕೇಳಿಸಿಕೊಳ್ಳುವವನ ಹಾಗೆ, ಕಿವಿ ಕೊಟ್ಟು ಅಲ್ಲೇ ನಿಂತ. ನಾವೆಲ್ಲ ಅಂಗಳಕ್ಕಿಳಿದೆವು. ಅವನು ಕದಲಲಿಲ್ಲ. ಕಡೆಗೆ ಕುಮುದಿನಿಯೇ ಹೋಗಿ, ಅವನನ್ನು ತೋಳು ಹಿಡಿದು ಸರಿಸಿ, ಹೊರಗಿನಿಂದ ಬಾಗಿಲೆಳೆದುಕೊಂಡಳು.